ಹುಕ್ಕೇರಿ ಮಷಿನ್, ಮೂಡಲಗಿ ಮಷಿನ್

ನಮ್ಮ ಮನೆಗೆ ಪಾತ್ರೆ ತೊಳೆಯುವ ಮಷಿನ್ ತರಬೇಕು ಎಂಬ ಮಾತು ಎತ್ತಿದವಳು ನಾನೇ. ಇದನ್ನು ಈಗ ಒಪ್ಪಿಕೊಳ್ಳುತ್ತಿದ್ದೇನೆ. ಆಗ ಯಾರಾದರೂ ಕೇಳಿದ್ದರೆ ಅತ್ತೆಯ ಮೇಲೆ ಹಾಕಿ ಸುಮ್ಮನಾಗುತ್ತಿದ್ದೆ.

ಕಾರಣ ಕೇಳಿದರೆ ನಗುತ್ತೀರಿ. ನಮ್ಮದು ಗೋಕಾಕದ ಜೈನರ ಮನೆ. ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಹೊಸ್ತಿಲು ದಾಟಿ ಒಳಗೆ ಬರುವಂತಿಲ್ಲ. ನಾನು ಊರಿನ ಹೈಸ್ಕೂಲಿನಲ್ಲಿ ಟೀಚರು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎಲ್ಲರ ಡಬ್ಬಿಗಳ ಮುಚ್ಚಳ ತೆಗೆದಾಗ ಬರುತ್ತಿದ್ದ, ಉಳ್ಳಾಗಡ್ಡಿ ಹಾಕಿದ ಝುಣಕದ ವಾಸನೆಯ ಮುಂದೆ ನನ್ನ ನೇಮ ಅಷ್ಟೇನೂ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಗೆಳತಿಯೊಬ್ಬಳು ಒಂದು ದಿನ ನನ್ನ ಡಬ್ಬಿಗೆ ಎರಡು ಚಮಚ ಹಾಕಿದಳು. ಆಮೇಲೆ ದಿನಾ ಹಾಕತೊಡಗಿದಳು. ನಾನೂ ದಿನಾ ಬೇಡ ಎನ್ನುವುದನ್ನು ಮರೆಯತೊಡಗಿದೆ.

ಆ ಡಬ್ಬಿ ಸಂಜೆ ಹೋಗುತ್ತಿದ್ದುದು ಮೌಶಿಯ ಕೈಗೆ. ಮೌಶಿ ಎಂದರೆ ನಮ್ಮ ಮನೆಯ ಮುಸುರೆ ತಿಕ್ಕುವ ಹೆಂಗಸು. ಮರಾಠಿಯಲ್ಲಿ ತಾಯಿಯ ತಂಗಿಗೆ ಹೇಳುವ ಮಾತು ಅದು. ನಮಗೆ ಅವಳು ಸಂಬಂಧಿಯೇನಲ್ಲ, ಆದರೂ ಊರೆಲ್ಲ ಅವಳನ್ನು ಹಾಗೆಯೇ ಕರೆಯುತ್ತಿತ್ತು. ನಾನು ಸೊಸೆಯಾಗಿ ಬರುವುದಕ್ಕೂ ಹನ್ನೆರಡು ವರ್ಷ ಮೊದಲೇ ಆ ಮನೆಯ ಹಿತ್ತಲಿಗೆ ಬಂದವಳು. ಒಂದು ಸಂಜೆ ಡಬ್ಬಿ ತೆರೆದಳು, ಮೂಗಿನ ಹತ್ತಿರ ತಂದಳು, ನನ್ನ ಮುಖ ನೋಡಿದಳು. "ಬಾಯಾರ, ಈ ಡಬ್ಬಿ ಇನ್ನೊಮ್ಮಿ ಬೂದಿ ಹಾಕಿ ತಿಕ್ಕತೇನ್ರಿ," ಎಂದಳು. ಅಷ್ಟೇ. ಅತ್ತೆಗೆ ಹೇಳಲಿಲ್ಲ, ನನ್ನನ್ನು ಮತ್ತೆ ಕೆದಕಲೂ ಇಲ್ಲ. ಆದರೆ ಅವಳು ದಿನಕ್ಕೆ ನಾಲ್ಕು ಮನೆಗೆ ಹೋಗುವವಳು, ಮೇಲಾಗಿ ಮಾತಿನ ಮಲ್ಲಿ. ಅವತ್ತಿನಿಂದ ನನ್ನ ಜೀವ ಅಂಗೈಯಲ್ಲಿ. ಎಲ್ಲೋ ಒಂದು ಪತ್ರಿಕೆಯಲ್ಲಿ ಪಾತ್ರೆ ತೊಳೆಯುವ ಮಷಿನ್ನಿನ ಜಾಹೀರಾತು ಕಂಡಾಗ ನನಗೆ ಮೊದಲು ಹೊಳೆದದ್ದು, ಈ ಮಷಿನ್ನಿಗೆ ಮೂಗೂ ಇಲ್ಲ, ಬಾಯಿಯೂ ಇಲ್ಲ ಎಂಬುದು.

ಅತ್ತೆಗೆ ಈ ಕಾರಣ ಹೇಳುವಂತಿರಲಿಲ್ಲ. ಬೇರೆ ಹೇಳಿದೆ. ನಮ್ಮಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಹೀಗಾಗಿ ಇಡೀ ಮನೆಯ ತಾಟು, ಬೋಗುಣಿ, ರೊಟ್ಟಿ ನಾದುವ ಪರಾತ ಎಲ್ಲವೂ ಸಂಜೆ ಒಂದೇ ಏಟಿಗೆ ಹಿತ್ತಲಿಗೆ ಬಂದು ಬೀಳುತ್ತಿದ್ದವು. ಮೌಶಿ ಬೇರೆ ಮನೆಗಳನ್ನು ಮುಗಿಸಿ ಬರುವುದರೊಳಗೆ ಕತ್ತಲಾಗುತ್ತಿತ್ತು. ಕತ್ತಲಲ್ಲಿ ಮುಸುರೆ ಬಿದ್ದರೆ ಇರುವೆ ಬರುತ್ತವೆ, ಹುಳ ಬರುತ್ತವೆ, ತಿಕ್ಕುವಾಗ ಜೀವಹಿಂಸೆ ಆಗುತ್ತದೆ ಎಂದು ಅತ್ತೆ ದಿನಾ ಪೇಚಾಡುತ್ತಿದ್ದರು. ಮಷಿನ್ ಬಂದರೆ ಉಂಡ ತಕ್ಷಣ ಹಾಕಿಬಿಡಬಹುದು ಎಂದೆ. ಅತ್ತೆ ಎರಡು ದಿನ ಯೋಚಿಸಿದರು. ಮೂರನೆಯ ದಿನ ಮಗನಿಗೆ ಹೇಳಿದರು, "ಮಷಿನ್ ತರೂಣು. ಆದ್ರ ಕೆಡದಂಥಾದ್ದು ತರಬೇಕು."

ನಮ್ಮ ಮನೆಯವರದು ಪೇಟೆಯಲ್ಲಿ ಬಟ್ಟೆ ಅಂಗಡಿ. ಯಾವ ಕಂಪನಿಯದು ಕೆಡುವುದಿಲ್ಲ ಎಂದು ಅವರಿಗೇನು ಗೊತ್ತು? ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು ಇದು. ಗೋಕಾಕದ ಅಂಗಡಿಗಳಲ್ಲಿ ಅಂಥ ಮಷಿನ್ ಇರಲೇ ಇಲ್ಲ. ಕೇಳಿದರೆ ಅಂಗಡಿಯವರು ಬಟ್ಟೆ ಒಗೆಯುವ ಮಷಿನ್ ತೋರಿಸಿ, "ಇದರಾಗ ಹಾಕಿ ನೋಡ್ರಿ, ಮೆಲ್ಲಕ ತಿರಗಸ್ರಿ," ಎನ್ನುತ್ತಿದ್ದರು. ಕೊನೆಗೆ ವಿಚಾರಿಸಿದಾಗ ನಮ್ಮ ಪರಿಚಯದವರಲ್ಲಿ ಎರಡು ಮನೆಗಳಲ್ಲಿ ಮಷಿನ್ ಇರುವುದು ತಿಳಿಯಿತು. ಒಂದು ಹುಕ್ಕೇರಿಯಲ್ಲಿ, ಅತ್ತೆಯ ತಮ್ಮನ ಮನೆ. ಅವರು ಡಾಕ್ಟರು, ಪುಣೆಯಿಂದ ತರಿಸಿದ್ದರು. ಇನ್ನೊಂದು ಮೂಡಲಗಿಯಲ್ಲಿ, ನಮ್ಮ ಮನೆಯವರ ಗೆಳೆಯರ ಮನೆ. ಅವರು ಗೊಬ್ಬರದ ವ್ಯಾಪಾರಿ, ಹೆಚ್ಚು ಚೀಲ ಮಾರಿದ್ದಕ್ಕೆ ಕಂಪನಿಯವರು ಇನಾಮು ಕೊಟ್ಟದ್ದು. ಎರಡರ ಕಂಪನಿಯ ಹೆಸರೂ ನಮ್ಮ ಮನೆಯಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ. ಒಂದು ಹುಕ್ಕೇರಿ ಮಷಿನ್, ಒಂದು ಮೂಡಲಗಿ ಮಷಿನ್ ಎಂದೇ ಆಯಿತು.

ಮಷಿನ್ ಬಂದ ಮೇಲೆ ಮೌಶಿಯನ್ನು ಬಿಡಿಸುವುದು. ಇದನ್ನು ಮೂವರಲ್ಲಿ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ, ಆದರೆ ಮೂವರೂ ಒಪ್ಪಿದ್ದೆವು. ಮೌಶಿಗೆ ಐವತ್ತು ದಾಟಿತ್ತು. ಗೋಕಾಕ ಫಾಲ್ಸಿನ ನೂಲಿನ ಮಿಲ್ಲಿಗೆ ಹೋಗುತ್ತಿದ್ದ ಗಂಡ ತೀರಿಕೊಂಡಿದ್ದ. ಉಳಿದ ಮೂರು ಮನೆಗಳು ಚಿಕ್ಕವು. ಅವಳ ಒಲೆ ಉರಿಯುತ್ತಿದ್ದುದು ನಮ್ಮ ಮನೆಯ ಪಗಾರದ ಮೇಲೆ. ಅದು ನಮಗೆಲ್ಲ ಗೊತ್ತಿತ್ತು. ಹಾಗಾಗಿ ಹೇಳುವವರು ಯಾರು ಎಂಬಲ್ಲಿಗೆ ಬಂದು ಎಲ್ಲ ನಿಂತಿತ್ತು. ಅರವತ್ತು ಹುಡುಗರ ಮುಂದೆ ಮಾತಾಡುವವಳು, ನೀನೇ ಹೇಳು ಎಂದು ಅತ್ತೆ ನನಗೆ ಹೇಳಿದರು. ಇಟ್ಟುಕೊಂಡವರು ನೀವು, ನೀವೇ ಹೇಳಿ ಎಂದು ನಾನು ಅತ್ತೆಗೆ ಹೇಳಿದೆ. ಹೆಂಗಸರ ವ್ಯವಹಾರ ಎಂದು ನಮ್ಮ ಮನೆಯವರು ಚಪ್ಪಲಿ ಮೆಟ್ಟಿದರು.

ಹೀಗಿರುವಾಗ ಮೌಶಿಯೇ ಒಂದು ಸಂಜೆ ಹಿತ್ತಲಿನಿಂದ ಕೂಗಿ ಕೇಳಿದಳು. "ಅವ್ವಾರ, ಪಾತ್ರಿ ತೊಳಿಯೂ ಮಷಿನ್ ತರಾವ್ರಂತಲ್ರಿ?"

ಅತ್ತೆಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಹೂಂ... ನೋಡಾಕತ್ತೇವಿ," ಎಂದರು.

"ಛಲೋ ಆತು ಬಿಡ್ರಿ. ನಿಮಗ ಮಿಕ್ಸರ್ ಬಂತು, ಸಾವಕಾರಗ ಸ್ಕೂಟರ್ ಬಂತು, ಬಾಯಾರಿಗೆ ಇಸ್ತ್ರಿ ಬಂತು. ಈಗ ನನ್ನ ಪಾಳಿ ಬಂತು ನೋಡ್ರಿ."

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅವಳ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಮಿಕ್ಸರ್ ಬಂತೆಂದು ಅತ್ತೆಯನ್ನು ಅಡುಗೆಮನೆಯಿಂದ ಯಾರೂ ಕಳಿಸಿರಲಿಲ್ಲ. ಸ್ಕೂಟರ್ ಬಂತೆಂದು ನಮ್ಮ ಮನೆಯವರನ್ನು ಅಂಗಡಿ ಬಿಡಿಸಿರಲಿಲ್ಲ. ಆ ಕ್ಷಣದಲ್ಲಿ ನಾನು ಬಾಯಿ ತೆರೆದಿದ್ದರೆ ಎಲ್ಲ ಮುಗಿಯುತ್ತಿತ್ತು. ನಾನು ತೆರೆದೆ ಕೂಡ. ಆದರೆ ಬಂದ ಮಾತು ಬೇರೆ. "ನೀನೂ ಬಾ ಮೌಶಿ ನೋಡಾಕ. ಪಾತ್ರಿ ವಿಚಾರ ನಿನಗಿಂತ ಯಾರಿಗೆ ತಿಳಿತೈತಿ?" ಎಂದುಬಿಟ್ಟೆ. ಅತ್ತೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಅವತ್ತಿನಿಂದ ಮೌಶಿಗೆ ನಮ್ಮ ಮನೆಯಲ್ಲಿ ರಾಜಮರ್ಯಾದೆ. ಮೊದಲು ಅರ್ಧ ಕಪ್ ಇದ್ದ ಚಹಾ ಪೂರ್ತಿ ಕಪ್ ಆಯಿತು, ಸಕ್ಕರೆ ಎರಡು ಚಮಚದಿಂದ ಮೂರಕ್ಕೆ ಏರಿತು. ನಮ್ಮ ಮನೆಯವರು ಹಬ್ಬವಿಲ್ಲದೆ ಅಂಗಡಿಯಿಂದ ಒಂದು ಸೀರೆ ತಂದುಕೊಟ್ಟರು. ಮಾಡಲು ಹೊರಟ ಕೆಲಸಕ್ಕೆ ಮುಂಚಿತವಾಗಿಯೇ ಪ್ರಾಯಶ್ಚಿತ್ತ ನಡೆಸಿದ್ದೆವು.

ಹೀಗೇ ಎರಡು ತಿಂಗಳು ಕಳೆದ ಮೇಲೆ ಮೊದಲು ಹುಕ್ಕೇರಿಗೆ ಹೊರಟೆವು. ಮಷಿನ್ನನ್ನು ಪರೀಕ್ಷಿಸಬೇಕಾದರೆ ನಮ್ಮ ಪಾತ್ರೆಯನ್ನೇ ಹಾಕಿ ನೋಡಬೇಕು ಎಂದು ಮೌಶಿ ಪಟ್ಟು ಹಿಡಿದಳು. ಅವರ ಮನೆಯ ಪಾತ್ರೆ ಅವರ ಮಷಿನ್ನಿಗೆ ರೂಢಿಯಾಗಿರುತ್ತವಂತೆ. ಹಾಗಾಗಿ ಹಿಂದಿನ ದಿನದ ಮುಸುರೆಯಲ್ಲಿ ಮೂರನ್ನು ಅವಳೇ ಆರಿಸಿದಳು. ತಳ ಹತ್ತಿದ ಹಾಲಿನ ಪಾತ್ರೆ, ಜೋಳದ ಹಿಟ್ಟು ಒಣಗಿ ಗಾರೆಯಾದ ಸಣ್ಣ ಪರಾತ, ಬೇಳೆ ಅಂಟಿದ ಬೋಗುಣಿ. ಜೀವನದಲ್ಲಿ ಮೊದಲ ಬಾರಿಗೆ ಅತ್ತೆ ಮುಸುರೆ ಪಾತ್ರೆಯನ್ನು ರಾತ್ರಿ ಬಿಡಲು ಒಪ್ಪಿದರು, ಅದೂ ಗಟ್ಟಿ ಮುಚ್ಚಳ ಹಾಕಿ, ಸುತ್ತ ನೀರಿನ ಗೆರೆ ಮಾಡಿ. ಬೆಳಿಗ್ಗೆ ಮೂರನ್ನೂ ಹೊಸ ಚೀಲದಲ್ಲಿ ಕಟ್ಟಿಕೊಂಡು ನಾವು ನಾಲ್ವರೂ ಬಸ್ ಹತ್ತಿದೆವು. ಘಟಪ್ರಭಾ ದಾಟುವ ಹೊತ್ತಿಗೆ ಚೀಲ ವಾಸನೆ ಹೊಡೆಯತೊಡಗಿತು. ಕಂಡಕ್ಟರ್ ಮೂಗು ಹಿಡಿದು, "ಏನೈತ್ರಿ ಇದರಾಗ?" ಎಂದ. "ಪರೀಕ್ಷಾದ್ದು," ಎಂದಳು ಮೌಶಿ. ಅವನು ಮುಂದೆ ಕೇಳಲಿಲ್ಲ.

ಗೋಕಾಕದಿಂದ ನೆಂಟರು ಬಂದರೆ ಕೈಯಲ್ಲಿ ಕರದಂಟು ಇರುತ್ತದೆ ಎಂಬುದು ಸುತ್ತಮುತ್ತಲ ಹತ್ತು ಊರಿನ ನಂಬಿಕೆ. ಹುಕ್ಕೇರಿಯ ಮಾಮಿ, ಅಂದರೆ ಡಾಕ್ಟರರ ಹೆಂಡತಿ, ಬಾಗಿಲಿಗೆ ಬಂದವರೇ ನಮ್ಮ ಚೀಲ ನೋಡಿದರು. "ಯಾಕ ತರಾಕ ಹ್ವಾದ್ರಿ ಅಕ್ಕಾರ, ಇಷ್ಟೆಲ್ಲಾ..." ಎನ್ನುತ್ತ ಅತ್ತೆಯ ಕೈಯಿಂದ ಪ್ರೀತಿಯಿಂದ ಕಸಿದುಕೊಂಡರು. ಚೀಲದ ಭಾರ ನೋಡಿ ಅವರ ಮುಖ ಇನ್ನಷ್ಟು ಅರಳಿತು. ನಾವು ಬೇಡ ಬೇಡ ಎನ್ನುವಷ್ಟರಲ್ಲಿ ಒಳಗೆ ಒಯ್ದು ಗಂಟು ಬಿಚ್ಚಿದರು. ಮರುಕ್ಷಣವೇ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಕರದಂಟೂ ತಂದಿದ್ದೆವು, ಅದು ನನ್ನ ಪರ್ಸಿನಲ್ಲಿತ್ತು, ಓಡಿಹೋಗಿ ಕೊಟ್ಟೆ. ಆದರೆ ಅಷ್ಟರಲ್ಲಿ ಆಗಬೇಕಾದದ್ದು ಆಗಿತ್ತು.

ಹುಕ್ಕೇರಿ ಮಷಿನ್ ಮಾತ್ರ ಅದ್ಭುತ. ಎತ್ತರಕ್ಕೆ, ಬೆಳ್ಳಗೆ, ನಳಕ್ಕೆ ಪೈಪು ಜೋಡಿಸಿಕೊಂಡು ಗೋಡೆಗೆ ಒರಗಿ ನಿಂತಿತ್ತು. ಮಾಮಿ ನಮ್ಮ ಮೂರನ್ನು ಒಳಗಿಟ್ಟರು, ಪುಡಿ ಹಾಕಿದರು, ಗುಂಡಿ ಒತ್ತಿದರು, ಬಂದು ನಮ್ಮ ಜೊತೆ ಕುಳಿತರು. ಅಷ್ಟೇ ಅವರ ಕೆಲಸ. ತಾನೇ ನೀರು ಎಳೆದುಕೊಳ್ಳುತ್ತಿತ್ತು, ತಾನೇ ಕಾಯಿಸಿಕೊಳ್ಳುತ್ತಿತ್ತು, ತಾನೇ ಚೆಲ್ಲುತ್ತಿತ್ತು. ನಾವು ಐದೂ ಜನ ಅದರ ಮುಂದೆ ಕುರ್ಚಿ ಹಾಕಿಕೊಂಡು ಟಿ.ವಿ. ನೋಡುವ ಹಾಗೆ ಕುಳಿತೆವು. ಒಂದು ತಾಸಿನ ಮೇಲೆ ಬಾಗಿಲು ತೆರೆದಾಗ ಹಾಲಿನ ಪಾತ್ರೆಯ ತಳದಲ್ಲಿ ಮುಖ ಕಾಣುತ್ತಿತ್ತು.

ಮೌಶಿ ಎದ್ದಳು. ಮೂರನ್ನೂ ಬೆಳಕಿಗೆ ಹಿಡಿದಳು. ಹೆಬ್ಬೆರಳಿನಿಂದ ತಳ, ಕಂಠ, ಅಂಚು ಎಲ್ಲ ಸವರಿದಳು. "ಛಲೋ ತೊಳದೈತ್ರಿ. ಸುಳ್ಳ ಹೇಳಬಾರದು," ಎಂದಳು. ಪಾಪ, ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಳ್ಳುತ್ತಿದ್ದಾಳಲ್ಲ ಎಂದುಕೊಂಡು ನಾನು ಮುಖ ಆಚೆ ತಿರುಗಿಸಿದೆ. ನಮ್ಮ ಮನೆಯವರು ಆಗಲೇ ದವಾಖಾನೆಯಿಂದ ಬಂದ ಡಾಕ್ಟರರಿಂದ ಪುಣೆಯ ಅಂಗಡಿಯ ವಿಳಾಸ ಬರೆದುಕೊಳ್ಳುತ್ತಿದ್ದರು.

ಆಗ ಮೌಶಿ ಮಷಿನ್ನಿನ ಹಿಂದೆ ಬಗ್ಗಿ ನೋಡಿ, ಮಾಮಿಯನ್ನು ಕೇಳಿದಳು. "ಇದಕ್ಕ ನೀರ ಎಲ್ಲಿ ಸೋಸತೀರಿ ಅವ್ವಾರ?"

ಮಾಮಿಯ ಮುಖ ಕೆಂಪಾಯಿತು. ನಮ್ಮಲ್ಲಿ ಸೋಸದ ನೀರು ಮುಟ್ಟುವುದಿಲ್ಲ. ನಳದ ಬಾಯಿಗೆ ದಪ್ಪ ಬಟ್ಟೆ ಕಟ್ಟುತ್ತೇವೆ; ಅದರಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳನ್ನು, ಬಟ್ಟೆ ಹಿಂದುಮುಂದು ಮಾಡಿ ಜಾಲಿಸಿ ನೀರಿಗೆ ಬಿಟ್ಟು ಬರುತ್ತೇವೆ. ಮಾಮಿಯ ಅಡುಗೆಮನೆಯ ನಳಕ್ಕೂ ಬಿಳಿ ಬಟ್ಟೆ ಕಟ್ಟಿತ್ತು. ಮಷಿನ್ನಿನ ಪೈಪಿಗೆ ಮಾತ್ರ ಏನೂ ಇರಲಿಲ್ಲ.

"ಸೋಸಿದ್ದ ಇಲ್ಲಂದ್ರ ಆ ಜೀವಾ ಎಲ್ಲಾ ಎಲ್ಲಿ ಹೋಗ್ತಾವ್ರಿ?" ಎಂದಳು ಮೌಶಿ, ಮಗುವಿನ ಮುಗ್ಧತೆಯಿಂದ.

ನಮ್ಮ ಮನೆಯವರು ನೆರವಿಗೆ ಬಂದರು. "ಎಲ್ಲಿ ಹೋಗ್ತಾವ? ಒಳಗ ನೀರ ಕುದಿತೈತಲ್ಲ," ಎಂದರು. ಹೇಳಿದ ಮೇಲೆ ಅವರಿಗೇ ಗೊತ್ತಾಯಿತು. ಅತ್ತೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಎದ್ದರು. ಹುಕ್ಕೇರಿ ಮಷಿನ್ನಿನ ಕಥೆ ಅಲ್ಲಿಗೆ ಮುಗಿಯಿತು. ತಮ್ಮನ ಮನೆಯಲ್ಲಿ ಅವತ್ತು ಅತ್ತೆ ಊಟಕ್ಕೂ ನಿಲ್ಲಲಿಲ್ಲ. ತೊಳೆದ ಮೂರು ಪಾತ್ರೆಗಳನ್ನು ಮನೆಗೆ ಬಂದ ಮೇಲೆ ಮೌಶಿ ಸೋಸಿದ ನೀರಲ್ಲಿ ಮತ್ತೊಮ್ಮೆ ತೊಳೆದಳು.

ಮುಂದಿನ ವಾರ ಮೂಡಲಗಿ. ಈ ಸಲ ಚೀಲ ಮೌಶಿಯ ಕೈಯಲ್ಲಿ, ಕರದಂಟು ಅತ್ತೆಯ ಕೈಯಲ್ಲಿ. ಮೂಡಲಗಿ ಮಷಿನ್ ನೋಡಿದರೆ ಕೋಳಿಗೂಡಿಗಿಂತ ತುಸು ದೊಡ್ಡದು. ಯಾವುದೋ ಸಣ್ಣ ಕಂಪನಿಯ ಮಾಲು. ನಳಕ್ಕೆ ಜೋಡಿಸುವಂತಿಲ್ಲ, ಮೇಲಿನ ಮುಚ್ಚಳ ತೆಗೆದು ಕೊಡದಿಂದ ನೀರು ಹೊಯ್ಯಬೇಕು, ಅದೂ ಮೂರು ಸಲ, ದೀಪ ಹತ್ತಿದಾಗಲೆಲ್ಲ. ಪಾತ್ರೆಯಲ್ಲಿ ಅನ್ನದ ಒಂದು ಅಗುಳು ಇದ್ದರೂ ಕೆಳಗಿನ ತಂತಿ ಜಾಳಿಗೆಯಲ್ಲಿ ಸಿಕ್ಕಿಕೊಂಡು ಮಷಿನ್ ನಿಲ್ಲುತ್ತದೆ, ಆದ್ದರಿಂದ ಮೊದಲೇ ಕೈಯಿಂದ ಜಾಲಿಸಿ ಇಡಬೇಕು. ಇಡುವುದರಲ್ಲೂ ಒಂದು ಕ್ರಮ ಇದೆ. ತಪ್ಪಿದರೆ ಒಳಗಿನ ತಿರುಗುವ ಕೋಲು ತಾಟಿಗೆ ಬಡಿದು ಊರಿಗೆಲ್ಲ ಕೇಳುತ್ತದೆ. ಮುಗಿದ ಮೇಲೆ ಜಾಳಿಗೆ ಬಿಚ್ಚಿ ತೊಳೆಯಬೇಕು, ಕೆಳಗಿನ ಬಕೀಟು ಚೆಲ್ಲಬೇಕು. ಪರಾತ ಹಿಡಿಸುವುದಿಲ್ಲ. ಹಾಲಿನ ಪಾತ್ರೆಯ ತಳ ಬಿಡಲಿಲ್ಲ.

ಗೊಬ್ಬರದ ವ್ಯಾಪಾರಿಯ ಹೆಂಡತಿ ಅದನ್ನು ಬಾಯಿ ತುಂಬ ಹೊಗಳಿದರು. ಹೊಗಳುತ್ತಿದ್ದಂತೆ ಅದರ ಬಾಗಿಲು ತೆರೆದು, ಒಳಗೆ ಜೋಡಿಸಿಟ್ಟಿದ್ದ ಹಪ್ಪಳ, ಸಂಡಿಗೆಯ ಡಬ್ಬಿಗಳನ್ನು ನಮ್ಮ ಪಾತ್ರೆಗೆ ಜಾಗ ಮಾಡಲು ಹೊರಗೆ ತೆಗೆದರು. ಅದೊಂದೇ ಸಾಕಿತ್ತು ಬುದ್ಧಿ ಇರುವವರಿಗೆ.

ಆದರೆ ಮೌಶಿ ಮಾತ್ರ ಮಷಿನ್ನಿನ ಸುತ್ತ ಎರಡು ಸಲ ತಿರುಗಿ, ಅತ್ತೆಯ ಕಡೆ ನೋಡಿದಳು. "ಅವ್ವಾರ, ಇದಕ್ಕ ಕೊಡದ್ಲೆ ಹೊಯ್ಯೂದು ನೋಡ್ರಿ. ಸೋಸಿದ್ದ ನೀರ ಹಾಕಬಹುದು. ಜೀವಕ್ಕ ತ್ರಾಸಿಲ್ಲ." ಅತ್ತೆಯ ಮುಖ ಬೆಳಗಿತು. ಮೌಶಿ ಮುಂದುವರಿಸಿದಳು. "ಮತ್ತ ಇದರಾಗ ಕೆಡಾಕ ಏನೂ ಇಲ್ಲ. ಎಲ್ಲಾ ತಾನ ಮಾಡೂದು ಕೆಟ್ಟರ ಪುಣೆದಿಂದ ಮಂದಿ ಬರಬೇಕ್ರಿ. ಇದರ ಕೆಲಸ ಅರ್ಧಾ ನಮ್ಮ ಕೈಯಾಗ ಇರತೈತಿ. ಗಟ್ಟಿ ಮಷಿನ್ ಅಂದ್ರ ಇದರಿ."

ಕೆಡದಂಥಾದ್ದು ಬೇಕು ಎಂದಿದ್ದವರು ಅತ್ತೆ. ಅವರಿಗೆ ಇನ್ನೇನು ಬೇಕು? ಹಾಲಿನ ಪಾತ್ರೆಯ ತಳದ ಮಾತು ನಾನು ಎತ್ತಿದೆ. "ಅದು ನನ್ನ ಕೈಗೂ ಒಮ್ಮಿಗೇ ಬಿಡಂಗಿಲ್ಲ ಬಾಯಾರ," ಎಂದಳು ಮೌಶಿ. ಇಪ್ಪತ್ತು ವರ್ಷ ಪಾತ್ರೆ ತಿಕ್ಕಿದವಳ ಮಾತಿನ ಮುಂದೆ ನನ್ನ ಬಿ.ಎಡ್. ಏನು ಮಾಡೀತು? ನಮ್ಮ ಮನೆಯವರು ಅಂಥದೇ ಒಂದನ್ನು ಬೆಳಗಾವಿಯಿಂದ ತರಿಸಿದರು.

ಜೋಡಿಸಲು ಬಂದ ಮೆಕ್ಯಾನಿಕ್ ಹಿತ್ತಲಿನ ಪಡಸಾಲೆಯಲ್ಲಿ ಮಷಿನ್ ಇಟ್ಟು, ಅದರ ಸೇವೆಯ ಪಟ್ಟಿಯನ್ನು ಒಂದೊಂದಾಗಿ ಹೇಳತೊಡಗಿದ. ಜಾಲಿಸುವುದು, ಜೋಡಿಸುವುದು, ಹೊಯ್ಯುವುದು, ಚೆಲ್ಲುವುದು, ಬಿಚ್ಚುವುದು, ಒರೆಸುವುದು. ಅತ್ತೆ ಮೊದಲ ಮೂರಕ್ಕೆ ತಲೆಯಾಡಿಸಿದರು, ಆಮೇಲೆ ನನ್ನ ಕಡೆ ನೋಡಿದರು. ನಾನು ನಮ್ಮ ಮನೆಯವರ ಕಡೆ ನೋಡಿದೆ. ಅವರಿಗೆ ಅಂಗಡಿಯಲ್ಲಿ ಗಿರಾಕಿ ಕಾಯುತ್ತಿರುವುದು ನೆನಪಾಯಿತು.

"ಒಮ್ಮೆ ಹೇಳಿಕೊಡತೇನ್ರಿ, ಮತ್ತ ಮತ್ತ ಬರಾಕ ಆಗಂಗಿಲ್ಲ," ಎಂದ ಮೆಕ್ಯಾನಿಕ್. "ಇದನ್ನ ನಡಸಾವ್ರು ಯಾರು?"

ಮೌಶಿ ಆಗಲೇ ಸೆರಗು ಸಿಕ್ಕಿಸಿ ಅವನ ಪಕ್ಕದಲ್ಲಿ ಕುಳಿತಿದ್ದಳು. ಅತ್ತೆ ಅವಳ ಕಡೆ ಕೈ ತೋರಿಸಿ, "ಆಕಿಗೇ ಹೇಳ್ರಿ," ಎಂದರು. ಮೌಶಿಯನ್ನು ಬಿಡಿಸುವ ಮಾತು ಅಲ್ಲಿಗೇ ನಿಂತಿತು. ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಕೆಟ್ಟ ಕೆಲಸವೊಂದು ತಾನಾಗಿಯೇ ತಪ್ಪಿಹೋಯಿತಲ್ಲ, ದೇವರು ದೊಡ್ಡವನು ಎಂದುಕೊಂಡೆ.

ಒಂದು ವರ್ಷದ ಮೇಲೆ ಏನೋ ಕಾರ್ಯಕ್ಕೆ ಹುಕ್ಕೇರಿಗೆ ಹೋಗಿದ್ದೆ. ಮಾಮಿಯ ಮಷಿನ್ ಅದೇ ಜಾಗದಲ್ಲಿ ಗುಂಯ್ ಎನ್ನುತ್ತಿತ್ತು. ಒಂದು ದಿನವೂ ಕೆಟ್ಟಿಲ್ಲವಂತೆ. ನನ್ನ ಕಣ್ಣು ಪೈಪಿನ ಮೇಲೆ ಬಿತ್ತು. ಪೈಪು ಈಗ ನಳದಿಂದಲ್ಲ, ಮೇಲಿನ ಒಂದು ಟಾಕಿಯಿಂದ ಬರುತ್ತಿತ್ತು. ಟಾಕಿಗೆ ನೀರು ಬೀಳುವ ನಳದ ಬಾಯಿಗೆ ಅಚ್ಚುಕಟ್ಟಾಗಿ ಬಿಳಿ ಬಟ್ಟೆ ಕಟ್ಟಿತ್ತು. "ನೀವು ಬಂದ್ಹೋದ ವಾರದಾಗನ ಮಾಡಸಿದೆ. ಅಷ್ಟಕ್ಕ ಅಕ್ಕಾರು ಊಟಾ ಬಿಟ್ಟು ಹ್ವಾದ್ರು," ಎಂದರು ಮಾಮಿ, ಇನ್ನೂ ಸಿಟ್ಟಿನಲ್ಲೇ.

ನಾನು ಬಸ್ಸಿನಲ್ಲಿ ಉದ್ದಕ್ಕೂ ಅದನ್ನೇ ಯೋಚಿಸಿದೆ. ಹುಟ್ಟಿದಾಗಿನಿಂದ ನಳಕ್ಕೆ ಬಟ್ಟೆ ಕಟ್ಟುವ ಮಂದಿ ನಾವು. ಮೇಲಾಗಿ ನಮ್ಮದೇ ಬಟ್ಟೆ ಅಂಗಡಿ. ಒಂದು ಗೇಣು ಅರಿವೆಯ ವಿಚಾರ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಯಾಕೆ ಹೊಳೆಯಲಿಲ್ಲ ಎನ್ನುವುದಕ್ಕಿಂತ, ಆ ಪ್ರಶ್ನೆ ಎತ್ತಿದವರು ಯಾರು ಎಂಬುದು ಗೋಕಾಕದ ಸ್ಟ್ಯಾಂಡಿನಲ್ಲಿ ಇಳಿಯುವಾಗ ಹೊಳೆಯಿತು.

ಸಂಜೆ ಮೌಶಿ ಜಾಳಿಗೆ ಬಿಚ್ಚಿ ತೊಳೆಯುತ್ತಿದ್ದಳು. ಅತ್ತೆ ಬಸದಿಗೆ ಹೋಗಿದ್ದರು. ನಾನು ಹತ್ತಿರ ಹೋಗಿ ನಿಂತೆ.

"ಹುಕ್ಕೇರ್ಯಾಗ ನಳಕ್ಕ ಅರಿವಿ ಕಟ್ಟಿ ಮಷಿನ್ ನಡಸಾಕತ್ತಾರ, ಮೌಶಿ."

"ಕಟ್ಟಬೇಕಲ್ರಿ ಮತ್ತ," ಎಂದಳು, ತಲೆ ಎತ್ತದೆ.

"ಅವತ್ತ ನಿನಗ ಗೊತ್ತಿತ್ತೇನು?"

"ಇಪ್ಪತ್ತು ವರ್ಷ ನಿಮ್ಮ ಹಿತ್ತಲ ನಳಕ್ಕ ಅರಿವಿ ಕಟ್ಟಾಕಿ ನಾನ ಅಲ್ಲೇನ್ರಿ." ಜಾಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಆ ಮಷಿನ್ ಭಾಳ ಛಲೋ ಇತ್ತು ಬಾಯಾರ. ಅದಕ್ಕ ಯಾರೂ ಬೇಕಾಗಿರಲಿಲ್ಲ."

"ನಿನ್ನ ಬಿಡಸತೇವಿ ಅಂತ ನಿನಗ ಯಾರ ಹೇಳಿದ್ರು?" ಎಂದೆ.

"ಯಾರೂ ಹೇಳಲಿಲ್ರಿ. ಆದ್ರ ನನ್ನ ಚಾಕ್ಕ ಮೂರು ಚಮಚ ಸಕ್ಕರಿ ಬೀಳಾಕ ಸುರು ಆತು. ಹಬ್ಬ ಇಲ್ಲದ ಸೀರಿ ಬಂತು." ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು, "ನೀವರೆ ಹೇಳತೀರಿ ಅಂತ ಎರಡು ತಿಂಗಳ ದಾರಿ ನೋಡಿದೆ. ನಿಮಗ ಬಾಯಿ ಬರಲಿಲ್ಲ. ಅದಕ್ಕ ಮಷಿನ್ ನಾನ ಆರಿಸಿದೆ."

ನನಗೆ ನಗು ಬಂತು. ನಗುತ್ತಿರುವಾಗಲೇ ನಾಚಿಕೆಯಾಗಿ ಕಣ್ಣು ತುಂಬಿದವು. ನಾನು ಅವಳಿಗೆ ಏನೋ ಹೇಳಬೇಕೆಂದು ಅಲ್ಲೇ ಕಲ್ಲಿನ ಮೇಲೆ ಕುಳಿತೆ. ಅವಳು ಅದಕ್ಕೆ ಅವಕಾಶ ಕೊಡಲಿಲ್ಲ. ಜಾಳಿಗೆಯನ್ನು ಮಷಿನ್ನಿಗೆ ಸಿಕ್ಕಿಸುತ್ತ, "ಕುಂದರಬ್ಯಾಡ್ರಿ, ಎರಡನೇ ನೀರಿನ ದೀಪ ಹತ್ತತೈತಿ ಈಗ. ಆ ಕೊಡಾ ತುಂಬಿ ತರ್ರಿ," ಎಂದಳು.

ನಾನು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳು ನನಗೊಂದು ಕೆಲಸ ಹೇಳಿದ್ದು ಅದೇ ಮೊದಲು. ಎದ್ದು ಹೋಗಿ ತುಂಬಿ ತಂದೆ.